ಓಪನ್ ಸೋರ್ಸ್ ಲೈಬ್ರರಿಯ ಮೆಮೊರಿ ಲೀಕ್: ಹಿಡಿಯುವುದು, ಅಳೆಯುವುದು, ಮುಚ್ಚಿಸುವುದು

ಸಕಲೇಶಪುರ, ಮೂಡಿಗೆರೆ, ಬೇಲೂರು ಕಡೆ ಕಾಫಿ ತೋಟಕ್ಕೆ ಮಳೆ ಮಾಪಕ, ಮಣ್ಣಿನ ತೇವ ಅಳೆಯುವ ಸೆನ್ಸರ್ ಹಾಕಿಸಿಕೊಂಡವರಿದ್ದಾರೆ. ಆ ಸೆನ್ಸರ್‌ಗಳ ಲೆಕ್ಕವೆಲ್ಲ ಬಂದು ಸೇರುವುದು ತೋಟದ ಆಫೀಸಿನ ಮೂಲೆಯಲ್ಲಿಟ್ಟ ರಾಸ್ಪ್‌ಬೆರಿ ಪೈಗೋ, ಹಳೇ ಡೆಸ್ಕ್‌ಟಾಪಿಗೋ. ಅದರೊಳಗೆ ಲಿನಕ್ಸ್ ಇರುತ್ತದೆ. ಸೆನ್ಸರ್‌ಗಳ ಸಂದೇಶ ಪಡೆದು ಹಂಚಲು ಮಾಸ್ಕಿಟೊ, ಸಂಪರ್ಕವನ್ನು ಗುಟ್ಟಾಗಿಡಲು ಓಪನ್‌ಎಸ್‌ಎಸ್‌ಎಲ್, ಲೆಕ್ಕ ಬರೆದಿಡಲು ಎಸ್‌ಕ್ಯೂಲೈಟ್, ಇವನ್ನೆಲ್ಲ ಜೋಡಿಸಲು ಒಂದಿಷ್ಟು ಪೈಥಾನ್. ಎಲ್ಲವೂ ಪುಕ್ಕಟೆ ಸಿಕ್ಕಿದ್ದು. ಒಮ್ಮೆ ಕೂರಿಸಿ ಹೋದರೆ ವರ್ಷಗಟ್ಟಲೆ ಅದನ್ನು ಯಾರೂ ಮುಟ್ಟುವುದಿಲ್ಲ. ಮೆಮೊರಿ ಲೀಕ್ ಬೆಳೆಯುವುದು ಇಂಥ ಕಡೆಯೇ.

ಇಂಥ ಪೆಟ್ಟಿಗೆಗಳನ್ನು ನೋಡಿಕೊಳ್ಳುವವರಿಗಾಗಿ, ಹಾಗೆಯೇ ಸಿ ಭಾಷೆ ಓದಬಲ್ಲ ಹಾಸನ, ಚಿಕ್ಕಮಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಭದ್ರತೆಗೆ ಕುತ್ತು ತರುವ ಲೀಕ್‌ಗಳು ಹೆಚ್ಚಾಗಿ ಅಡಗಿರುವುದು ಪ್ರೋಗ್ರಾಂ ಏನೋ ತಪ್ಪು ಕಂಡು ಅರ್ಧಕ್ಕೇ ವಾಪಸ್ ಬರುವ ದಾರಿಯಲ್ಲಿ. ಎಲ್ಲ ಸರಿಯಾಗಿ ನಡೆಯುವ ದಾರಿಯನ್ನು ಬರೆದವರೇ ಹತ್ತಾರು ಸಲ ಓಡಿಸಿ ನೋಡಿರುತ್ತಾರೆ. ತಪ್ಪಿನ ದಾರಿಯನ್ನು ಓಡಿಸಿ ನೋಡಿದವರು ಕಡಿಮೆ. ಆದ್ದರಿಂದ ಹುಡುಕಾಟ ಅಲ್ಲಿಂದ ಶುರುವಾಗಬೇಕು.

ಲೀಕ್ ಅಂದರೆ ಒಳಗೆ ಆಗುವುದೇನು

ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಮ್ಯಾಲಕ್ ಎಂದು ಕೇಳಿ ಮೆಮೊರಿ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಫ್ರೀ ಎಂದು ಹಿಂದಿರುಗಿಸುತ್ತದೆ. ಹಿಂದಿರುಗಿಸುವುದು ತಪ್ಪಿದರೆ ಅದೇ ಲೀಕ್. ಕೊಯ್ಲಿನ ಕಾಲದಲ್ಲಿ ತೋಟದ ಗೋಡೌನಿನಿಂದ ಬೆಳಗ್ಗೆ ಗೋಣಿಚೀಲ ಎಣಿಸಿ ಕೊಟ್ಟು, ಯಾರಿಗೆ ಎಷ್ಟು ಎಂದು ಚೀಟಿ ಬರೆದಿಟ್ಟುಕೊಂಡು, ಸಂಜೆ ವಾಪಸ್ ಪಡೆಯುತ್ತಾರಲ್ಲ, ಹಾಗೆ. ಚೀಲ ವಾಪಸ್ ಬರದಿದ್ದರೂ ಚೀಟಿ ಕೈಯಲ್ಲಿದ್ದರೆ ನಾಳೆ ಕೇಳಬಹುದು. ಚೀಟಿಯೇ ಕಳೆದುಹೋದರೆ ಆ ಚೀಲ ಎಲ್ಲಿದೆ ಎಂದು ಕೇಳಲೂ ದಾರಿಯಿಲ್ಲ. ಪ್ರೋಗ್ರಾಮಿನಲ್ಲಿ ಆ ಚೀಟಿಯೇ ಪಾಯಿಂಟರ್. ಮುಂದೆ ಲೀಕ್ ಹುಡುಕುವ ಉಪಕರಣವಾದ ವ್ಯಾಲ್‌ಗ್ರಿಂಡ್‌ನ ವರದಿ ಓದುವಾಗ ಈ ವ್ಯತ್ಯಾಸ ಬೇಕಾಗುತ್ತದೆ, ನೆನಪಿಡಿ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳೋಣ. 2014ರ ಏಪ್ರಿಲ್‌ನಲ್ಲಿ ಜಗತ್ತಿಗೆಲ್ಲ ಸುದ್ದಿಯಾದ ಹಾರ್ಟ್‌ಬ್ಲೀಡ್ ಈ ಜಾತಿಯದಲ್ಲ. ಅಲ್ಲಿ ಓಪನ್‌ಎಸ್‌ಎಸ್‌ಎಲ್ ತನ್ನ ಮೆಮೊರಿಯಲ್ಲಿದ್ದ ಮಾಹಿತಿಯನ್ನು ಒಂದು ಸಲಕ್ಕೆ 64 ಕೆಬಿವರೆಗೆ ಹೊರಗಿನವರಿಗೆ ಓದಿ ಹೇಳುತ್ತಿತ್ತು. ಗುಟ್ಟು ಹೊರಗೆ ಹೋಗುತ್ತಿತ್ತೇ ಹೊರತು ಮೆಮೊರಿ ಖಾಲಿಯಾಗುತ್ತಿರಲಿಲ್ಲ. ನಾವು ಮಾತಾಡುತ್ತಿರುವುದು ಜಾಗ ಮುಗಿದು ಸೇವೆ ನಿಂತುಹೋಗುವ ತೊಂದರೆಯ ಬಗ್ಗೆ. ದೋಷಗಳನ್ನು ವರ್ಗ ಮಾಡುವ ಸಿಡಬ್ಲ್ಯುಇ ಪಟ್ಟಿಯಲ್ಲಿ ಇದರ ಸಂಖ್ಯೆ 401. ಭದ್ರತಾ ಪ್ರಕಟಣೆಗಳಲ್ಲಿ ಈ ಸಂಖ್ಯೆ ಕಂಡರೆ ನಮ್ಮ ವಿಷಯ ಎಂದು ತಿಳಿಯಿರಿ.

ಹಾರ್ಟ್‌ಬ್ಲೀಡ್ ಸದ್ದಿನಲ್ಲಿ ಹೆಚ್ಚು ಜನ ಗಮನಿಸದೆ ಹೋದದ್ದು ಅದೇ ವರ್ಷ ಅಕ್ಟೋಬರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ತಂಡ ಪ್ರಕಟಿಸಿದ ಎರಡು ನಿಜವಾದ ಲೀಕ್‌ಗಳು. ಸಿವಿಇ-2014-3513 ಎಂಬುದರಲ್ಲಿ (ಸಿವಿಇ ಎಂದರೆ ಪ್ರಕಟವಾದ ಭದ್ರತಾ ದೋಷಕ್ಕೆ ಕೊಡುವ ಗುರುತಿನ ಸಂಖ್ಯೆ), ಸಂಪರ್ಕ ಶುರುಮಾಡುವ ಹ್ಯಾಂಡ್‌ಶೇಕ್ ಸಂದೇಶವೊಂದನ್ನು ಬೇಕೆಂದೇ ಕೆಡಿಸಿ ಕಳಿಸಿದರೆ ಸರ್ವರ್ 64 ಕೆಬಿವರೆಗೆ ಮೆಮೊರಿಯನ್ನು ಫ್ರೀ ಮಾಡದೆ ಬಿಡುತ್ತಿತ್ತು. ದೋಷವಿದ್ದದ್ದು ಎಸ್‌ಆರ್‌ಟಿಪಿ ಎಂಬ ಸೌಲಭ್ಯದಲ್ಲಿ. ಆದರೆ ನೀವು ಆ ಸೌಲಭ್ಯ ಬಳಸುತ್ತೀರೋ ಇಲ್ಲವೋ ಅದಕ್ಕೆ ಲೆಕ್ಕವಿಲ್ಲ, 1.0.1 ಸರಣಿಯ ಸರ್ವರ್ ಆಗಿದ್ದರೆ ಸಾಕಿತ್ತು. ಲೆಕ್ಕ ಹಾಕಿ ನೋಡಿ: 512 ಎಂಬಿ ಎಂದರೆ 64 ಕೆಬಿಯ 8,192 ತುಂಡು. ರಾಸ್ಪ್‌ಬೆರಿ ಪೈ ಝೀರೊದಂಥ ಬೋರ್ಡಿನ ಇಡೀ ರ‍್ಯಾಮ್ ತುಂಬಲು ಅಷ್ಟು ಸಂದೇಶ ಸಾಕು. ಒಂದು ಲ್ಯಾಪ್‌ಟಾಪಿಗೆ ಅದು ದೊಡ್ಡ ಕೆಲಸವೇ ಅಲ್ಲ. ಎರಡನೆಯದು ಸಿವಿಇ-2014-3567. ಹಿಂದಿನ ಸಂಪರ್ಕವನ್ನು ಮುಂದುವರಿಸಲು ತೋರಿಸುವ ಸೆಷನ್ ಟಿಕೆಟ್‌ನ ಪರೀಕ್ಷೆ ಫೇಲಾದಾಗ ಮೆಮೊರಿ ಹಿಂದಿರುಗುತ್ತಿರಲಿಲ್ಲ. ಪಾಸಾದರೆ ಏನೂ ತೊಂದರೆಯಿಲ್ಲ. ನಾನು ಹೇಳಿದ ತಪ್ಪಿನ ದಾರಿ ಇದೇ.

ಹೆಜ್ಜೆ 1: ನಿಮ್ಮಲ್ಲಿ ಇರುವುದೇನು, ಪಟ್ಟಿ ಮಾಡಿ

ಡೆಬಿಯನ್ ಅಥವಾ ರಾಸ್ಪ್‌ಬೆರಿ ಪೈ ಓಎಸ್ ಇದ್ದರೆ ಡಿಪಿಕೆಜಿ ಆದೇಶಕ್ಕೆ ಹೈಫನ್ ಎಲ್ ಸೇರಿಸಿ ಓಡಿಸಿ, ಬಂದ ಪಟ್ಟಿಯನ್ನು ಒಂದು ಫೈಲಿಗೆ ಉಳಿಸಿಕೊಳ್ಳಿ. ಯಾವ ಪ್ರೋಗ್ರಾಂ ಯಾವ ಲೈಬ್ರರಿಯನ್ನು ಎಳೆದುಕೊಳ್ಳುತ್ತದೆ ಎಂಬುದನ್ನು ಎಲ್‌ಡಿಡಿ ತೋರಿಸುತ್ತದೆ. ಪೈಥಾನ್ ಪ್ಯಾಕೇಜುಗಳಿಗೆ ಪಿಪ್-ಆಡಿಟ್, ನೋಡ್ ಬಳಸುವವರಿಗೆ ಎನ್‌ಪಿಎಂ ಆಡಿಟ್ ಇವೆ. ಎಲ್ಲ ಭಾಷೆಗಳಿಗೂ ಒಟ್ಟಿಗೆ ನೋಡಬೇಕೆಂದರೆ ಗೂಗಲ್ ಬಿಟ್ಟಿರುವ ಓಎಸ್‌ವಿ-ಸ್ಕ್ಯಾನರ್ ಒಳ್ಳೆಯದು, ಅದೂ ಓಪನ್ ಸೋರ್ಸ್.

ಇಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ಮಾಸ್ಕಿಟೊವಿನಲ್ಲಿ ಸಿವಿಇ-2023-28366 ಎಂಬ ಲೀಕ್ ಇತ್ತು. ಒಂದೇ ಸಂಖ್ಯೆಯ ಕ್ಯೂಒಎಸ್ 2 ಸಂದೇಶಗಳನ್ನು (ಸರಿಯಾಗಿ ಒಂದೇ ಸಲ ತಲುಪಬೇಕಾದ ಬಗೆಯವು) ಮತ್ತೆ ಮತ್ತೆ ಕಳಿಸಿ, ಬ್ರೋಕರ್, ಅಂದರೆ ಸಂದೇಶ ಹಂಚುವ ಮಾಸ್ಕಿಟೊ, ಕೊಟ್ಟ ಉತ್ತರಕ್ಕೆ ಸುಮ್ಮನಿದ್ದುಬಿಟ್ಟರೆ ಅದರ ಮೆಮೊರಿ ಸೋರುತ್ತಿತ್ತು. ಸರಿಯಾದದ್ದು 2.0.16ರಲ್ಲಿ. ಈಗ ಡೆಬಿಯನ್ 12 ಹಾಕಿದವರು ಆವೃತ್ತಿ ನೋಡಿದರೆ 2.0.11 ಎಂದು ಕಾಣುತ್ತದೆ, ಗಾಬರಿಯಾಗುತ್ತದೆ. ಆದರೆ ಡೆಬಿಯನ್ ತಂಡ ಹೊಸ ಆವೃತ್ತಿ ತರುವ ಬದಲು ಆ ದೋಷದ ಪ್ಯಾಚ್ ಒಂದನ್ನೇ ಹಳೆಯದಕ್ಕೆ ಹಚ್ಚುತ್ತದೆ. ಆವೃತ್ತಿಯ ಬಾಲದಲ್ಲಿ ಡೆಬ್12ಯು1 ಎಂಬಂಥ ಗುರುತಿದ್ದರೆ ಹಾಗೆ ಹಚ್ಚಿದ್ದಾರೆ ಎಂದರ್ಥ. ಆಪ್ಟ್ ಚೇಂಜ್‌ಲಾಗ್ ಆದೇಶ ಕೊಟ್ಟು ಸಿವಿಇ ಸಂಖ್ಯೆ ಹುಡುಕಿ, ಸಿಕ್ಕಿದರೆ ನೆಮ್ಮದಿ. ಬರೀ ಮುಂದಿನ ಸಂಖ್ಯೆ ನೋಡಿ ಕೂಗಾಡುವ ಸ್ಕ್ಯಾನರ್‌ಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಇದರ ಉಲ್ಟಾ ಕೂಡ ನಿಜ: ಯಾರೋ ಮೂಲದಿಂದಲೇ ಕಂಪೈಲ್ ಮಾಡಿ ಹಾಕಿದ 2.0.11 ಆಗಿದ್ದರೆ ಅದಕ್ಕೆ ಯಾವ ಪ್ಯಾಚೂ ತಾನಾಗಿ ಬಂದಿರುವುದಿಲ್ಲ.

ಹೆಜ್ಜೆ 2: ಅಳೆಯಿರಿ, ಕರೆಂಟಿನ ಲೆಕ್ಕವನ್ನೂ ಇಡಿ

ಒಂದು ಪ್ರೋಗ್ರಾಂ ನಿಜವಾಗಿ ಎಷ್ಟು ರ‍್ಯಾಮ್ ಹಿಡಿದಿದೆ ಎಂದು ತಿಳಿಯಲು ಪ್ರಾಕ್ ಫೋಲ್ಡರಿನಲ್ಲಿ ಆ ಪ್ರೋಗ್ರಾಮಿನ ಸಂಖ್ಯೆಯ ಕೆಳಗಿರುವ ಸ್ಟೇಟಸ್ ಫೈಲ್ ತೆಗೆದು, ವಿಎಂಆರ್‌ಎಸ್‌ಎಸ್ ಸಾಲು ಓದಿ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಲ್ಲಿ ಪ್ರತಿ ಹತ್ತು ನಿಮಿಷಕ್ಕೆ ಆ ಅಂಕಿ, ಜೊತೆಗೆ ಸಮಯ, ಜೊತೆಗೆ ಅಪ್‌ಟೈಮ್ (ಪೆಟ್ಟಿಗೆ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬ ಲೆಕ್ಕ) ಬರೆದಿಡುವ ಮೂರು ಸಾಲಿನ ಸ್ಕ್ರಿಪ್ಟ್ ಸಾಕು. ದೊಡ್ಡ ಮಾನಿಟರಿಂಗ್ ವ್ಯವಸ್ಥೆ ಏನೂ ಬೇಡ.

ಅಪ್‌ಟೈಮ್ ಯಾಕೆ ಎಂದರೆ, ಮಲೆನಾಡಿನಲ್ಲಿ ಅದಿಲ್ಲದೆ ಅಳತೆಗೆ ಅರ್ಥವಿಲ್ಲ. ಸಕಲೇಶಪುರದ ಹತ್ತಿರದ ಒಂದು ತೋಟದಲ್ಲಿ ಅಲ್ಲಿನ ಲೆಕ್ಕ ಬರೆಯುವ ರೈಟರ್ ಹೇಳಿದ ಮಾತು ನನಗೆ ಎಷ್ಟೋ ಮ್ಯಾನುಯಲ್‌ಗಳಿಗಿಂತ ಉಪಯೋಗಕ್ಕೆ ಬಂತು: “ಮಳೆಗಾಲದಲ್ಲಿ ಒಂದಿನಾನೂ ಕೈ ಕೊಟ್ಟಿಲ್ಲ ಸಾರ್ ಇದು. ಫೆಬ್ರವರಿ ಬಂತು ಅಂದ್ರೆ ಸಾಕು, ನಿಂತೋಗುತ್ತೆ. ಬಿಸ್ಲಿಗೆ ಬಿಸಿಯಾಗುತ್ತೇನೋ.” ಬಿಸಿಲಿನ ತಪ್ಪು ಏನೂ ಇರಲಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಮಳೆಗೆ ಮರ ಬಿದ್ದು ಲೈನ್ ಹರಿದು ಕರೆಂಟ್ ಹೋಗುತ್ತಲೇ ಇರುತ್ತದೆ. ಯುಪಿಎಸ್ ಬ್ಯಾಟರಿ ಮುಗಿದು ಪೆಟ್ಟಿಗೆ ಆಫ್ ಆಗುತ್ತದೆ, ಕರೆಂಟ್ ಬಂದಾಗ ಹೊಸದಾಗಿ ಶುರುವಾಗುತ್ತದೆ. ಪ್ರತಿ ಸಲವೂ ಸೋರಿಹೋದ ಮೆಮೊರಿ ತಾನಾಗಿ ವಾಪಸ್. ಬೇಸಿಗೆಗೆ ಬಂದರೆ ವಾರಗಟ್ಟಲೆ ನಿಲ್ಲದೆ ಓಡುತ್ತದೆ, ಆಗ ಲೀಕ್ ಬೆಳೆಯಲು ಸಮಯ ಸಿಗುತ್ತದೆ. ಫೆಬ್ರವರಿ-ಮಾರ್ಚ್ ಎಂದರೆ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಿ ಹೂ ಬಿಡಿಸುವ, ಹೂಮಳೆಗೆ ಕಾಯುವ ಕಾಲ. ಮಣ್ಣಿನ ತೇವದ ಲೆಕ್ಕ ಯಾವಾಗ ಬೇಕೋ ಆಗಲೇ ಅದು ಇರುವುದಿಲ್ಲ.

ಹೀಗೆ ನಿಂತ ಮೇಲೆ ಡಿಮೆಸೆಜ್ ಆದೇಶ ಕೊಟ್ಟು ನೋಡಿ. ಔಟ್ ಆಫ್ ಮೆಮೊರಿ, ಕಿಲ್ಡ್ ಪ್ರಾಸೆಸ್ ಎಂಬ ಸಾಲು ಇದ್ದರೆ ಲಿನಕ್ಸಿನ ತಿರುಳಾದ ಕರ್ನಲ್ಲೇ ಜಾಗ ಸಾಲದೆ ಯಾವುದಾದರೊಂದು ಪ್ರೋಗ್ರಾಮನ್ನು ಕೊಂದಿದೆ. ಕೊಂದದ್ದು ಸೋರುತ್ತಿದ್ದವನನ್ನೇ ಎಂಬ ಖಾತ್ರಿಯಿಲ್ಲ. ಹೆಚ್ಚು ಜಾಗ ಹಿಡಿದವನನ್ನು ಆರಿಸುವುದು ಅದರ ರೂಢಿ, ಡೇಟಾಬೇಸ್ ಬಲಿಯಾಗಿ ಸೋರುವ ಬ್ರೋಕರ್ ಹಾಗೇ ಉಳಿಯಬಹುದು.

ಗ್ರಾಫ್ ಬರೆದು ನೋಡುವಾಗ ಒಂದು ತಾಳ್ಮೆ ಬೇಕು. ಶುರುವಿನಲ್ಲಿ ಮೆಮೊರಿ ಏರುವುದು ಸಹಜ. ಕ್ಯಾಶ್ ತುಂಬುತ್ತದೆ, ಮ್ಯಾಲಕ್ ತಾನು ಪಡೆದ ಜಾಗವನ್ನು ಫ್ರೀ ಆದ ಮೇಲೂ ಮುಂದಕ್ಕೆ ಬೇಕಾದೀತೆಂದು ಕೈಯಲ್ಲೇ ಇಟ್ಟುಕೊಳ್ಳುತ್ತದೆ. ಏರಿ ಒಂದು ಮಟ್ಟದಲ್ಲಿ ನಿಂತರೆ ಲೀಕ್ ಅಲ್ಲ. ದಿನ ಕಳೆದಂತೆ ನಿಲ್ಲದೆ ಏರುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಿ.

ಹೆಜ್ಜೆ 3: ಸೋರುವುದು ಲೈಬ್ರರಿಯೋ, ನಮ್ಮದೇ ಕೋಡೋ

ಲೈಬ್ರರಿಯ ಮೇಲೆ ದೂರು ಹೇಳುವ ಮೊದಲು ಈ ಪ್ರಶ್ನೆಗೆ ಉತ್ತರ ಬೇಕು. ಬಹಳಷ್ಟು ಸಲ ತಪ್ಪು ನಾವು ಕರೆದ ರೀತಿಯಲ್ಲಿರುತ್ತದೆ.

ಓಪನ್‌ಎಸ್‌ಎಸ್‌ಎಲ್‌ನಲ್ಲಿ ಇದಕ್ಕೆ ಒಂದು ರೂಢಿಯಿದೆ. ಫಂಕ್ಷನ್ ಹೆಸರಿನಲ್ಲಿ ಗೆಟ್0 ಎಂದಿದ್ದರೆ ಸಿಕ್ಕ ವಸ್ತು ಅದರದೇ, ನೀವು ಫ್ರೀ ಮಾಡಬಾರದು. ಗೆಟ್1 ಎಂದಿದ್ದರೆ ಅದರ ಹೊಣೆ ನಿಮ್ಮದು, ನೀವೇ ಫ್ರೀ ಮಾಡಬೇಕು. ಆದರೆ ಎದುರಿನವರ ಸರ್ಟಿಫಿಕೇಟ್ ಪಡೆಯುವ ಫಂಕ್ಷನ್‌ಗೆ ಬಹುಕಾಲ ಬರೀ ಗೆಟ್ ಎಂಬ ಹೆಸರಿತ್ತು. ಹೊಣೆ ಕರೆದವರದೇ ಎಂದು ಆ ಹೆಸರು ನೋಡಿ ಗೊತ್ತಾಗುವಂತಿರಲಿಲ್ಲ. ದಾಖಲೆ ಓದದೆ ಬಳಸಿದರೆ ಪ್ರತಿ ಸಂಪರ್ಕಕ್ಕೂ ಒಂದು ಸರ್ಟಿಫಿಕೇಟಿನಷ್ಟು ಮೆಮೊರಿ ಸೋರುತ್ತಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಅದರ ಹೆಸರನ್ನು ಗೆಟ್1 ಎಂದೇ ಬದಲಿಸಿದರು. ಹಳೇ ಕೋಡ್ ಕೈಗೆ ಬಂದರೆ ಈ ಒಂದು ಕರೆಯನ್ನು ಮೊದಲು ಹುಡುಕಿ.

ಪೈಥಾನ್ ಆಗಿದ್ದರೆ ಟ್ರೇಸ್‌ಮ್ಯಾಲಕ್ ಎಂಬ ಮಾಡ್ಯೂಲ್ 3.4ರಿಂದ ಜೊತೆಗೇ ಬರುತ್ತದೆ. ಒಂದು ಸ್ನ್ಯಾಪ್‌ಶಾಟ್ ತೆಗೆದು, ಒಂದೆರಡು ಗಂಟೆ ಓಡಿಸಿ, ಇನ್ನೊಂದು ತೆಗೆದು ಹೋಲಿಸಿ. ಯಾವ ಸಾಲಿನಿಂದ ಎಷ್ಟು ಬೆಳೆದಿದೆ ಎಂದು ಹೇಳುತ್ತದೆ. ಟ್ರೇಸ್‌ಮ್ಯಾಲಕ್‌ಗೆ ಕಾಣುವುದು ಪೈಥಾನ್ ತಾನೇ ಪಡೆದ ಮೆಮೊರಿ ಮಾತ್ರ, ಸಿ ಲೈಬ್ರರಿ ನೇರವಾಗಿ ಮ್ಯಾಲಕ್ ಕರೆದು ಪಡೆದದ್ದು ಕಾಣುವುದಿಲ್ಲ. ಈ ಕೊರತೆಯೇ ನಮಗೆ ಸುಳಿವು. ವಿಎಂಆರ್‌ಎಸ್‌ಎಸ್ ಏರುತ್ತಿದೆ, ಟ್ರೇಸ್‌ಮ್ಯಾಲಕ್ ಲೆಕ್ಕ ಅಲ್ಲೇ ನಿಂತಿದೆ ಎಂದಾದರೆ ಸೋರುತ್ತಿರುವುದು ಕೆಳಗಿನ ಸಿ ಲೈಬ್ರರಿ ಎಂದು ಬಲವಾಗಿ ಅನುಮಾನಿಸಬಹುದು.

ಹೆಜ್ಜೆ 4: ಲ್ಯಾಪ್‌ಟಾಪಿನಲ್ಲಿ ಮತ್ತೆ ಮಾಡಿ ತೋರಿಸಿ

ತೋಟದ ಪೆಟ್ಟಿಗೆಯ ಮೇಲೆ ಪ್ರಯೋಗ ಬೇಡ. ಅದೇ ಆವೃತ್ತಿಯ ಲೈಬ್ರರಿಯನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಡೀಬಗ್ ಗುರುತುಗಳೊಂದಿಗೆ, ಅಂದರೆ ಹೈಫನ್ ಜಿ ಕೊಟ್ಟು, ಕಂಪೈಲ್ ಮಾಡಿಕೊಳ್ಳಿ.

ಉಪಕರಣ ಎರಡು. ವ್ಯಾಲ್‌ಗ್ರಿಂಡ್ ಹಳೆಯದು, 2002ರಿಂದ ಇದೆ. ಮತ್ತೆ ಕಂಪೈಲ್ ಮಾಡದೆಯೂ ಇದ್ದ ಪ್ರೋಗ್ರಾಮನ್ನೇ ಅದರೊಳಗೆ ಓಡಿಸಬಹುದು, ಆದರೆ ಹತ್ತು ಪಟ್ಟಿಗೂ ಮಿಕ್ಕಿ ನಿಧಾನ. ಲೀಕ್-ಚೆಕ್ ಆಯ್ಕೆಗೆ ಫುಲ್ ಎಂದು ಕೊಡುವುದನ್ನು ಮರೆಯಬೇಡಿ. ಇನ್ನೊಂದು ಅಡ್ರೆಸ್ ಸ್ಯಾನಿಟೈಸರ್, ಜಿಸಿಸಿ ಮತ್ತು ಕ್ಲ್ಯಾಂಗ್ ಕಂಪೈಲರ್‌ಗಳೆರಡರಲ್ಲೂ ಇದೆ. ಕಂಪೈಲ್ ಮಾಡುವಾಗ ಎಫ್‌ಸ್ಯಾನಿಟೈಸ್‌ಗೆ ಅಡ್ರೆಸ್ ಎಂದು ಕೊಟ್ಟರೆ 64 ಬಿಟ್ ಲಿನಕ್ಸ್‌ನಲ್ಲಿ ಲೀಕ್ ಸ್ಯಾನಿಟೈಸರ್ ಕೂಡ ಸೇರಿಕೊಂಡಿರುತ್ತದೆ. ಇದರಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅಷ್ಟೆ. ಎರಡನ್ನೂ ಒಟ್ಟಿಗೆ ಬಳಸಲಾಗದು. ಸ್ಯಾನಿಟೈಸರ್ ಹಾಕಿ ಕಟ್ಟಿದ್ದನ್ನು ಜಿಡಿಬಿ ಡೀಬಗರ್ ಒಳಗೆ ಓಡಿಸಿದರೆ ಲೀಕ್ ಪರೀಕ್ಷೆ ಕೆಲಸ ಮಾಡುವುದಿಲ್ಲ ಎಂಬುದೂ ಗೊತ್ತಿರಲಿ, ಅದು ಗೊತ್ತಿಲ್ಲದೆ ದಿನ ಹಾಳುಮಾಡಿಕೊಂಡವರನ್ನು ಕಂಡಿದ್ದೇನೆ.

ವ್ಯಾಲ್‌ಗ್ರಿಂಡ್ ಕೊನೆಗೆ ಕೊಡುವ ವರದಿಯಲ್ಲಿ ಡೆಫಿನಿಟ್ಲಿ ಲಾಸ್ಟ್ ಎಂದರೆ ಚೀಟಿಯೂ ಕಳೆದುಹೋದ ಚೀಲ. ಅದೇ ಮುಖ್ಯ. ಇನ್‌ಡೈರೆಕ್ಟ್ಲಿ ಲಾಸ್ಟ್ ಎಂದರೆ ಹಾಗೆ ಕಳೆದುಹೋದದ್ದರ ಒಳಗಿನಿಂದಷ್ಟೇ ತಲುಪಬಹುದಾಗಿದ್ದ ತುಂಡುಗಳು, ಮೊದಲನೆಯದನ್ನು ಸರಿಪಡಿಸಿದರೆ ಇವೂ ಸಾಮಾನ್ಯವಾಗಿ ಹೋಗುತ್ತವೆ. ಸ್ಟಿಲ್ ರೀಚಬಲ್ ಎಂದರೆ ಚೀಟಿ ಇನ್ನೂ ಇದೆ, ಪ್ರೋಗ್ರಾಂ ಮುಗಿಯುವಾಗ ಹಿಂದಿರುಗಿಸಿಲ್ಲ ಅಷ್ಟೆ. ಇದರ ಬಗ್ಗೆ ದೂರು ಹಾಕಿ ಲೈಬ್ರರಿ ಬರೆದವರ ಸಮಯ ತಿನ್ನಬೇಡಿ. ಪಾಸಿಬ್ಲಿ ಲಾಸ್ಟ್ ಬಂದರೆ ಕೈಯಾರೆ ಕೋಡ್ ಓದಿಯೇ ತೀರ್ಮಾನಿಸಬೇಕು.

ಈಗ ನಾನು ಎಲ್ಲಕ್ಕಿಂತ ಹೆಚ್ಚು ನಂಬುವ ಪರೀಕ್ಷೆ. ಅನುಮಾನವಿರುವ ಒಂದೇ ಒಂದು ಕೆಲಸವನ್ನು, ಒಂದೇ ಇನ್‌ಪುಟ್ ಕೊಟ್ಟು, ಲೂಪಿನಲ್ಲಿ ಸಾವಿರ ಸಲ ಮಾಡಿಸಿ, ಕಳೆದುಹೋದ ಬೈಟ್ ಎಷ್ಟೆಂದು ಬರೆದುಕೊಳ್ಳಿ. ಆಮೇಲೆ ಹತ್ತು ಸಾವಿರ ಸಲ. ಎರಡನೆಯ ಅಂಕಿ ಮೊದಲನೆಯದರ ಹತ್ತು ಪಟ್ಟಾದರೆ ಪ್ರತಿ ಸಲವೂ ಸೋರುತ್ತಿದೆ. ಎರಡೂ ಒಂದೇ ಆಗಿದ್ದರೆ ಶುರುವಿನಲ್ಲಿ ಒಮ್ಮೆ ಪಡೆದದ್ದು, ಅಪಾಯವಿಲ್ಲ. ಈ ಎರಡು ಅಂಕಿ ಕೈಯಲ್ಲಿದ್ದರೆ ಯಾವ ನಿರ್ವಾಹಕರೂ ನಿಮ್ಮ ವರದಿಯನ್ನು ಪಕ್ಕಕ್ಕಿಡುವುದು ಕಷ್ಟ.

ವ್ಯಾಲ್‌ಗ್ರಿಂಡ್ ಎಚ್ಚರಿಕೆ ಕೊಟ್ಟರೆ “ಅದು ಯಾವಾಗಲೂ ಹಾಗೇ ಬಡಬಡಿಸುತ್ತೆ” ಎಂದು ತಳ್ಳಿಹಾಕುವ ಅಭ್ಯಾಸ ಹಲವು ಕಡೆ ಇದೆ. 2024ರ ಮಾರ್ಚ್‌ನಲ್ಲಿ, ಫೈಲ್‌ಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯಲ್ಲಿ ಯಾರೋ ಬೇಕೆಂದೇ ಸೇರಿಸಿದ್ದ ಹಿಂಬಾಗಿಲನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಹಿಡಿದದ್ದು ಎರಡು ಸಣ್ಣ ಸುಳಿವಿನಿಂದ. ಎಸ್‌ಎಸ್‌ಎಚ್ ಲಾಗಿನ್ ಅರೆ ಸೆಕೆಂಡಿನಷ್ಟು ತಡವಾಗುತ್ತಿತ್ತು, ಮತ್ತು ವ್ಯಾಲ್‌ಗ್ರಿಂಡ್ ಅರ್ಥವಾಗದ ದೋಷಗಳನ್ನು ತೋರಿಸಿತ್ತು. ಅದು ಲೀಕ್ ಅಲ್ಲ ನಿಜ. ಆದರೆ ಅವರು ಆ ಸಾಲುಗಳನ್ನು ಓದದೆ ಬಿಟ್ಟಿದ್ದರೆ ಆಗಬಹುದಾಗಿದ್ದ ಅನಾಹುತ ಸಣ್ಣದಲ್ಲ.

ಹೆಜ್ಜೆ 5: ಕೆಟ್ಟ ಇನ್‌ಪುಟ್ ಕೊಡಿ, ತಪ್ಪಿನ ದಾರಿ ಓದಿ

ಮಾಸ್ಕಿಟೊವಿನ ಇನ್ನೊಂದು ಲೀಕ್ ಸಿವಿಇ-2023-3592. ಸೆನ್ಸರ್ ಮತ್ತು ಬ್ರೋಕರ್ ಮಾತಾಡುವ ನಿಯಮಾವಳಿಯಾದ ಎಂಕ್ಯೂಟಿಟಿಯ 5ನೇ ಆವೃತ್ತಿಯಲ್ಲಿ ಸಂಪರ್ಕ ಕೇಳುವಾಗ ವಿಲ್ ಸಂದೇಶ ಎಂದು ಒಂದನ್ನು ಕೊಟ್ಟಿರಬಹುದು, ಸೆನ್ಸರ್ ಹಠಾತ್ತನೆ ಸತ್ತರೆ ಬ್ರೋಕರ್ ಅದನ್ನು ಎಲ್ಲರಿಗೂ ತಿಳಿಸುತ್ತದೆ. ಆ ವಿಲ್ ಸಂದೇಶದಲ್ಲಿ ಇರಬಾರದ ಬಗೆಯ ಪ್ರಾಪರ್ಟಿ ಇಟ್ಟು ಕಳಿಸಿದರೆ ಬ್ರೋಕರ್ ಮೆಮೊರಿ ಸೋರಿಸುತ್ತಿತ್ತು. ಇದರ ಆಕಾರ ಹೇಗಿರುತ್ತದೆ ಎಂದು ತೋರಿಸಲು ನಾನೇ ಬರೆದ ಒಂದು ಮಾದರಿ ಇದು, ಮಾಸ್ಕಿಟೊವಿನ ಕೋಡ್ ಅಲ್ಲ:

ಪ್ರಾಪರ್ಟಿ = ಮ್ಯಾಲಕ್(ಉದ್ದ);
ಹೆಸರು = ನಕಲು_ಮಾಡು(ಬಂದದ್ದು);
ಇಫ್ (ಬಗೆ ತಪ್ಪು) ರಿಟರ್ನ್ ದೋಷ;
ಕೆಲಸ_ಮಾಡು(ಪ್ರಾಪರ್ಟಿ, ಹೆಸರು);
ಫ್ರೀ(ಹೆಸರು);
ಫ್ರೀ(ಪ್ರಾಪರ್ಟಿ);
ರಿಟರ್ನ್ ಸರಿ;

ಮೂರನೆಯ ಸಾಲು ನೋಡಿ. ಬಗೆ ತಪ್ಪಾಗಿದ್ದರೆ ಅಲ್ಲಿಂದಲೇ ವಾಪಸ್, ಕೆಳಗಿನ ಎರಡು ಫ್ರೀಗಳು ನಡೆಯುವುದೇ ಇಲ್ಲ. ನಿಯತ್ತಿನ ಸೆನ್ಸರ್ ಈ ಸಾಲಿಗೆ ಯಾವತ್ತೂ ಬರುವುದಿಲ್ಲ, ಆದ್ದರಿಂದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ದಾಳಿ ಮಾಡುವವನು ಬರೀ ಈ ಸಾಲಿಗೇ ಬರುತ್ತಾನೆ.

ಹಾಗಾಗಿ ಹೊಸ ಲೈಬ್ರರಿ ಕೈಗೆತ್ತಿಕೊಂಡಾಗ ನಾನು ಮೊದಲು ಮಾಡುವುದು ರಿಟರ್ನ್ ಎಂಬ ಪದವನ್ನು ಹುಡುಕಿ ಒಂದೊಂದಾಗಿ ನಿಲ್ಲುವುದು. ಈ ಜಾಗಕ್ಕೆ ಬರುವಷ್ಟರಲ್ಲಿ ಏನೇನು ಪಡೆದಿದ್ದೇವೆ, ಅದರಲ್ಲಿ ಯಾವುದು ಹಿಂದಿರುಗಿಲ್ಲ? ಬೇಸರದ ಕೆಲಸ, ಆದರೆ ಸಿಗುವುದು ಇಲ್ಲೇ. ಜೊತೆಗೆ ರಿಅಲ್ಲಾಕ್ ಹುಡುಕಿ. ಪಿ = ರಿಅಲ್ಲಾಕ್(ಪಿ, ಉದ್ದ) ಎಂದು ಬರೆದಿದ್ದರೆ ಅದೂ ಲೀಕ್. ಜಾಗ ಸಿಗದೆ ರಿಅಲ್ಲಾಕ್ ಸೋತಾಗ ಅದು ನಲ್ ಕೊಡುತ್ತದೆ, ಹಳೇ ತುಂಡು ಹಾಗೇ ಉಳಿದಿರುತ್ತದೆ, ಅದರ ಪಾಯಿಂಟರ್ ಮೇಲೆ ನಾವು ನಲ್ ಬರೆದುಬಿಟ್ಟಿರುತ್ತೇವೆ.

ಕೈಯಿಂದ ಕೆಟ್ಟ ಇನ್‌ಪುಟ್ ಬರೆಯುತ್ತ ಕೂರುವ ಬದಲು ಫಜ್ಜರ್ ಬಳಸಿ. ಕ್ಲ್ಯಾಂಗ್ ಜೊತೆಗೆ ಬರುವ ಲಿಬ್‌ಫಜರ್‌ಗೆ ಲೈಬ್ರರಿಯ ಒಂದು ಪಾರ್ಸ್ ಫಂಕ್ಷನ್ ತೋರಿಸಿ, ನಾಲ್ಕೈದು ಸರಿಯಾದ ಮಾದರಿ ಫೈಲ್ ಕೊಟ್ಟರೆ, ಅವನ್ನು ಕೆಡಿಸುತ್ತ ರಾತ್ರಿಯೆಲ್ಲ ಓಡುತ್ತದೆ. ಸ್ಯಾನಿಟೈಸರ್ ಹಾಕಿ ಕಟ್ಟಿದ್ದರೆ ಲೀಕ್ ಕಂಡ ಕೂಡಲೇ ನಿಂತು, ಅದಕ್ಕೆ ಕಾರಣವಾದ ಇನ್‌ಪುಟ್ಟನ್ನು ಫೈಲಾಗಿ ಉಳಿಸುತ್ತದೆ. ಗೂಗಲ್ 2016ರಿಂದ ಓಎಸ್‌ಎಸ್-ಫಜ್ ಎಂಬ ಹೆಸರಿನಲ್ಲಿ ದೊಡ್ಡ ಓಪನ್ ಸೋರ್ಸ್ ಯೋಜನೆಗಳಿಗೆ ಈ ಸೇವೆಯನ್ನು ಪುಕ್ಕಟೆ ಕೊಡುತ್ತಿದೆ. ಫೈನಲ್ ಇಯರ್ ಪ್ರಾಜೆಕ್ಟಿಗೆ ಮತ್ತೊಂದು ಹಾಜರಾತಿ ಆ್ಯಪ್ ಮಾಡುವ ಬದಲು, ಆ ಪಟ್ಟಿಯಲ್ಲಿಲ್ಲದ ಒಂದು ಸಣ್ಣ ಲೈಬ್ರರಿ ಆರಿಸಿ ಅದಕ್ಕೆ ಫಜ್ ಟಾರ್ಗೆಟ್ ಬರೆಯಿರಿ ಎಂದು ವಿದ್ಯಾರ್ಥಿಗಳಿಗೆ ಮನಸಾರೆ ಹೇಳುತ್ತೇನೆ. ಜಗತ್ತಿನ ಎಲ್ಲೆಲ್ಲೋ ಅದನ್ನು ಬಳಸುವವರಿಗೆ ಅದರಿಂದ ಉಪಯೋಗವಾಗುತ್ತದೆ, ನಿಮ್ಮ ಹೆಸರು ಆ ಯೋಜನೆಯ ಇತಿಹಾಸದಲ್ಲಿ ಉಳಿಯುತ್ತದೆ.

ಪರೀಕ್ಷೆ ನಿಮ್ಮದೇ ಯಂತ್ರದ ಮೇಲೆ ಇರಲಿ. ಬೇರೆಯವರ ಸರ್ವರ್‌ಗೆ ಕೆಟ್ಟ ಸಂದೇಶ ಕಳಿಸಿ ನೋಡುವುದು ಅಪರಾಧ.

ಹೆಜ್ಜೆ 6: ಇದು ಬರೀ ಬಗ್ಗೋ, ಭದ್ರತಾ ದೋಷವೋ

ಮೂರು ಪ್ರಶ್ನೆ ಕೇಳಿಕೊಳ್ಳಿ. ಲಾಗಿನ್ ಇಲ್ಲದ ಹೊರಗಿನವನು ಇದನ್ನು ಆಗಿಸಬಲ್ಲನೇ? ಒಂದು ಸಲಕ್ಕೆ ಎಷ್ಟು ಸೋರುತ್ತದೆ? ಪ್ರೋಗ್ರಾಂ ನಿಲ್ಲದೆ ಓಡುವಂಥದ್ದೇ? ಒಂದು ಚಿತ್ರವನ್ನು ಸಣ್ಣದು ಮಾಡಿ ಮುಗಿದುಹೋಗುವ ಆದೇಶದಲ್ಲಿ ಲೀಕ್ ಇದ್ದರೆ, ಅದು ಮುಗಿದ ಕೂಡಲೇ ಕರ್ನಲ್ ಎಲ್ಲ ಮೆಮೊರಿಯನ್ನೂ ವಾಪಸ್ ಪಡೆಯುತ್ತದೆ. ಅದು ಬಗ್ ಮಾತ್ರ. ಅದೇ ಲೈಬ್ರರಿಯನ್ನು ಹಗಲೂ ರಾತ್ರಿ ಚಿತ್ರ ತೆಗೆದುಕೊಳ್ಳುವ ಸರ್ವರ್ ಒಳಗೆ ಬಳಸಿದರೆ ಲೆಕ್ಕ ಬೇರೆ.

ಸಣ್ಣದಾಗಿ ಸೋರಿದರೆ ಪರವಾಗಿಲ್ಲ ಎನ್ನಲಾಗದು. 2022ರ ಸೆಪ್ಟೆಂಬರ್‌ನಲ್ಲಿ, ಜಾಲತಾಣದ ಹೆಸರಿಗೆ ಅದರ ವಿಳಾಸ ಹುಡುಕಿಕೊಡುವ ಬೈಂಡ್ ಡಿಎನ್‌ಎಸ್ ಸರ್ವರ್‌ನ ಸಿವಿಇ-2022-38177 ಪ್ರಕಟವಾಯಿತು. ಕೆಟ್ಟ ಸಹಿಯಿರುವ ಉತ್ತರ ಬಂದಾಗಲೆಲ್ಲ ಸೋರುತ್ತಿದ್ದದ್ದು ಸ್ವಲ್ಪವೇ. ಆದರೂ ಅದನ್ನು ಹೈ ಎಂದು ಗುರುತಿಸಿದರು. ಸ್ವಲ್ಪ ಸ್ವಲ್ಪವಾಗಿಯೇ ಮೆಮೊರಿ ತಿಂದು ಸರ್ವರ್ ಬೀಳಿಸಬಹುದು, ಅದಕ್ಕೆ ಲಾಗಿನ್ ಏನೂ ಬೇಡ. ಒಂದು ಕಾಲೇಜಿನ ಕ್ಯಾಂಪಸ್ಸಿಗೆಲ್ಲ ಒಂದೇ ಡಿಎನ್‌ಎಸ್ ಸರ್ವರ್ ಇದ್ದು ಅದು ನಿಂತರೆ ಇಡೀ ಕ್ಯಾಂಪಸ್ಸಿನ ಇಂಟರ್ನೆಟ್ ನಿಂತಂತೆಯೇ.

ಹೆಜ್ಜೆ 7: ಪ್ಯಾಚ್ ಬರುವವರೆಗಿನ ತಡೆ

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ದಿನಾ ರಾತ್ರಿ ರೀಸ್ಟಾರ್ಟ್ ಮಾಡಿಸುವ ಕ್ರಾನ್ ಹಾಕುವುದು ಎಲ್ಲರಿಗೂ ಹೊಳೆಯುತ್ತದೆ. ತಾನಾಗಿ ಆಗುವ ಲೀಕ್‌ಗೆ ಕೆಲವು ವಾರ ಅದು ನಡೆಯುತ್ತದೆ. ದಾಳಿಗೆ ನಡೆಯುವುದಿಲ್ಲ, 8,192 ಸಂದೇಶ ಕಳಿಸಲು ಯಾರೂ ರಾತ್ರಿಯವರೆಗೆ ಕಾಯಬೇಕಿಲ್ಲ.

ಲಿನಕ್ಸ್‌ನಲ್ಲಿ ಸೇವೆಗಳನ್ನು ಶುರುಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಯಲ್ಲಿ ಆ ಸೇವೆಗೆ ಮೆಮೊರಿಮ್ಯಾಕ್ಸ್ ಎಂದು ಮಿತಿ ಹಾಕಿ, ಬಿದ್ದರೆ ಮತ್ತೆ ಎಬ್ಬಿಸುವಂತೆ ರೀಸ್ಟಾರ್ಟ್ ಆಯ್ಕೆ ಕೊಡಿ. ಆಗ ಸೋರುವ ಪ್ರೋಗ್ರಾಂ ಒಂದೇ ಬೀಳುತ್ತದೆ, ಪಕ್ಕದ ಡೇಟಾಬೇಸ್ ಉಳಿಯುತ್ತದೆ. ರಾಸ್ಪ್‌ಬೆರಿ ಪೈನಲ್ಲಿ ಮೆಮೊರಿ ಸಿಗ್ರೂಪ್, ಅಂದರೆ ಈ ಮಿತಿಯನ್ನು ಜಾರಿಮಾಡುವ ಕರ್ನಲ್ ಸೌಲಭ್ಯ, ಆಫ್ ಆಗಿರುವುದುಂಟು, ಆಗ ಈ ಮಿತಿ ಹಾಕಿದರೂ ಸುಮ್ಮನೆ ಇರುತ್ತದೆ. ಬೂಟ್ ಸಾಲಿನಲ್ಲಿ ಅದನ್ನು ಆನ್ ಮಾಡಿ, ಮಿತಿ ನಿಜವಾಗಿ ಹಿಡಿಯುತ್ತದೆಯೇ ಎಂದು ಒಮ್ಮೆ ಪರೀಕ್ಷಿಸಿ. ಬ್ರೋಕರ್ ಹೊರಗಿನ ಇಂಟರ್ನೆಟ್ಟಿಗೆ ತೆರೆದಿರಬಾರದು. ಮಾಸ್ಕಿಟೊ 2.0ರಿಂದ ಈಚೆಗೆ ಕಾನ್ಫಿಗ್ ಫೈಲ್ ಇಲ್ಲದೆ ಶುರುಮಾಡಿದರೆ ಅದೇ ಯಂತ್ರದವರ ಮಾತು ಮಾತ್ರ ಕೇಳುತ್ತದೆ, ಹಳೇ 1 ಸರಣಿ ಹಾಗಲ್ಲ, ಪಾಸ್‌ವರ್ಡ್ ಇಲ್ಲದೆಯೂ ಬಂದವರಿಗೆಲ್ಲ ಬಾಗಿಲು ತೆರೆಯುತ್ತಿತ್ತು. ಹಳೇ ತೋಟಗಳ ಪೆಟ್ಟಿಗೆಯಲ್ಲಿ ಇನ್ನೂ ಅದೇ ಇದ್ದರೆ ಇವತ್ತೇ ಬದಲಿಸಿ.

ಹೆಜ್ಜೆ 8: ಸರಿಪಡಿಸುವುದು, ತಿಳಿಸುವುದು

ತಿದ್ದುಪಡಿ ಹೆಚ್ಚಾಗಿ ನಾಲ್ಕೈದು ಸಾಲಿನದು. ಮೇಲಿನ ಮಾದರಿಯಲ್ಲಾದರೆ ಎರಡೂ ಪಾಯಿಂಟರ್‌ಗಳನ್ನು ಶುರುವಿನಲ್ಲೇ ನಲ್ ಮಾಡಿ, ಫಂಕ್ಷನ್ ಕೊನೆಗೆ ಕ್ಲೀನಪ್ ಎಂಬ ಒಂದೇ ಜಾಗ ಇಟ್ಟು, ತಪ್ಪಾದಾಗ ಗೋಟು ಕೊಟ್ಟು ಅಲ್ಲಿಗೇ ಹೋಗುವಂತೆ ಮಾಡುವುದು. ನಲ್‌ಗೆ ಫ್ರೀ ಕರೆದರೆ ಏನೂ ಆಗುವುದಿಲ್ಲ ಎಂದು ಸಿ ಭಾಷೆಯ ನಿಯಮವೇ ಹೇಳುತ್ತದೆ, ಆದ್ದರಿಂದ ಇದು ಸುರಕ್ಷಿತ. ಅವಸರ ಮಾತ್ರ ಬೇಡ. ಲೀಕ್ ಮುಚ್ಚಲು ಹೋಗಿ ಒಂದೇ ತುಂಡನ್ನು ಎರಡು ಸಲ ಫ್ರೀ ಮಾಡಿದರೆ, ಅಥವಾ ಇನ್ಯಾರೋ ಬಳಸುತ್ತಿರುವುದನ್ನು ಫ್ರೀ ಮಾಡಿದರೆ, ಮೊದಲಿಗಿಂತ ದೊಡ್ಡ ಅಪಾಯ. ಲೀಕ್‌ನಿಂದ ಸೇವೆ ನಿಲ್ಲುತ್ತದೆ, ಇವುಗಳಿಂದ ಹೊರಗಿನವನು ನಿಮ್ಮ ಯಂತ್ರದಲ್ಲಿ ತನ್ನ ಕೋಡನ್ನೇ ಓಡಿಸಬಹುದು. ತಿದ್ದಿದ ಮೇಲೆ ಸ್ಯಾನಿಟೈಸರ್ ಕೆಳಗೆ ಎಲ್ಲ ಪರೀಕ್ಷೆಗಳನ್ನೂ ಮತ್ತೆ ಓಡಿಸಿ.

ಹೊರಗಿನವನು ಆಗಿಸಬಲ್ಲ ಲೀಕ್ ಆಗಿದ್ದರೆ ಎಲ್ಲರಿಗೂ ಕಾಣುವ ಇಶ್ಯೂ ತೆರೆಯಬೇಡಿ. ಯೋಜನೆಯ ಮೂಲ ಫೋಲ್ಡರಿನಲ್ಲಿ ಸಾಮಾನ್ಯವಾಗಿ ಸೆಕ್ಯುರಿಟಿ ಎಂಬ ಫೈಲ್ ಇರುತ್ತದೆ, ಯಾರಿಗೆ ಗುಟ್ಟಾಗಿ ಬರೆಯಬೇಕು ಎಂದು ಅದರಲ್ಲಿದೆ. ವರದಿಯಲ್ಲಿ ಆವೃತ್ತಿ ಅಥವಾ ಕಮಿಟ್ ಸಂಖ್ಯೆ, ಲೀಕ್ ಆಗಿಸುವ ಅತಿ ಸಣ್ಣ ಫೈಲ್, ಸ್ಯಾನಿಟೈಸರ್‌ನ ಪೂರ್ತಿ ವರದಿ, ಸಾವಿರ ಸಲಕ್ಕೆ ಮತ್ತು ಹತ್ತು ಸಾವಿರ ಸಲಕ್ಕೆ ಸೋರಿದ ಅಂಕಿ, ಸಾಧ್ಯವಾದರೆ ಪ್ಯಾಚ್. ಇಷ್ಟೇ. ಇಂಗ್ಲಿಷ್ ಚೆಂದವಾಗಿಲ್ಲ ಎಂದು ಹಿಂಜರಿಯಬೇಡಿ. ಅಂಕಿ ಮತ್ತು ಫೈಲ್ ಸರಿಯಿದ್ದರೆ ಭಾಷೆ ಯಾರಿಗೂ ಅಡ್ಡಿಯಾಗುವುದಿಲ್ಲ.

ಎದುರಿಗಿರುವವರು ಬಹಳಷ್ಟು ಸಲ ಸಂಬಳವಿಲ್ಲದೆ ಬಿಡುವಿನಲ್ಲಿ ಕೆಲಸ ಮಾಡುವ ಸ್ವಯಂಸೇವಕರು. 2025ರಲ್ಲಿ, ಎಕ್ಸ್‌ಎಂಎಲ್ ಫೈಲ್ ಓದುವ ಲೈಬ್ರರಿಯಾದ ಲಿಬ್‌ಎಕ್ಸ್‌ಎಂಎಲ್2ರ ನಿರ್ವಾಹಕರು ಇನ್ನು ಮುಂದೆ ಭದ್ರತಾ ದೂರುಗಳನ್ನೂ ಮಿಕ್ಕ ಬಗ್‌ಗಳ ಹಾಗೆಯೇ ನೋಡುವುದಾಗಿ, ದೋಷವನ್ನು ಇಷ್ಟು ದಿನ ಗುಟ್ಟಾಗಿಡುವ ಗಡುವು ಇಟ್ಟುಕೊಳ್ಳುವುದಿಲ್ಲವೆಂದು ಹೇಳಬೇಕಾಯಿತು. ದೊಡ್ಡ ದೊಡ್ಡ ಕಂಪನಿಗಳು ಅದನ್ನು ಬಳಸಿ ಹಣ ಮಾಡುತ್ತಿರುವಾಗ ವಾರವಾರವೂ ಗಂಟೆಗಟ್ಟಲೆ ದೂರು ವಿಂಗಡಿಸುವುದು ಒಬ್ಬರ ಹೆಗಲ ಮೇಲೆ ಬಿದ್ದಿತ್ತು. ಆ ಮಾತು ನ್ಯಾಯವಾದದ್ದು ಎಂದೇ ನನ್ನ ಅಭಿಪ್ರಾಯ. ಆದ್ದರಿಂದ ಸಾಧ್ಯವಿದ್ದರೆ ದೂರಿನ ಜೊತೆ ಪ್ಯಾಚ್ ಕಳಿಸಿ, ಪ್ಯಾಚ್ ಜೊತೆ ಪರೀಕ್ಷೆ ಕಳಿಸಿ. ತಿಂಗಳಾದರೂ ಉತ್ತರ ಬರದಿದ್ದರೆ ವಿನಯದಿಂದ ಮತ್ತೆ ಬರೆಯಿರಿ. 90 ದಿನ ಕಾಯುವುದು ಈ ಕ್ಷೇತ್ರದಲ್ಲಿ ಬೆಳೆದುಬಂದಿರುವ ರೂಢಿ. ಅಷ್ಟಾದರೂ ಯಾರೂ ಸಿಗದಿದ್ದರೆ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬಹುದು. ಇಂಥ ದೋಷಗಳ ವರದಿ ಪಡೆದು ಸಂಬಂಧಪಟ್ಟವರನ್ನು ಸಂಪರ್ಕಿಸುವುದು, ಸಿವಿಇ ಸಂಖ್ಯೆ ಕೊಡುವುದು ಎರಡೂ ಅದರ ಕೆಲಸ.

ಪ್ಯಾಚ್ ಸೇರಿದ ಹೊಸ ಪ್ಯಾಕೇಜ್ ಬಂದ ಮೇಲೆ ಅದನ್ನು ಹಾಕಿ, ಸೇವೆಯನ್ನು ಒಮ್ಮೆ ರೀಸ್ಟಾರ್ಟ್ ಮಾಡಿ. ಲೈಬ್ರರಿ ಫೈಲ್ ಬದಲಾದರೂ ಓಡುತ್ತಿರುವ ಪ್ರೋಗ್ರಾಂ ಹಳೆಯದನ್ನೇ ಹಿಡಿದುಕೊಂಡಿರುತ್ತದೆ, ಇದನ್ನು ಮರೆತು ಮೋಸಹೋಗುವುದು ಸುಲಭ. ಆಮೇಲೆ ದಿನಾ ರಾತ್ರಿ ರೀಸ್ಟಾರ್ಟ್ ಮಾಡಿಸುತ್ತಿದ್ದ ಕ್ರಾನ್ ಸಾಲನ್ನು ಅಳಿಸಿ, ಎರಡನೇ ಹೆಜ್ಜೆಯ ಅಳತೆಯ ಸ್ಕ್ರಿಪ್ಟನ್ನು ಮಾತ್ರ ಹಾಗೇ ಓಡಲು ಬಿಡಿ. ಮಧ್ಯೆ ಎಲ್ಲೂ ಕರೆಂಟ್ ಹೋಗದೆ ಕನಿಷ್ಠ ಎರಡು ವಾರ ಓಡಿದ ಲೆಕ್ಕ ಸಿಕ್ಕಿ, ಆ ಗೆರೆ ಮಟ್ಟಸವಾಗಿದ್ದರೆ ಆಗ ಲೀಕ್ ಮುಚ್ಚಿದೆ ಎನ್ನಬಹುದು. ಮಳೆಗಾಲದಲ್ಲಿ ಅಂಥ ಎರಡು ವಾರ ಸಿಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಹತ್ತು ಸಾವಿರದ ಲೂಪ್ ಓಡಿಸಿ ನೋಡಿಕೊಂಡು, ತೋಟದ ಪೆಟ್ಟಿಗೆಯ ಕೊನೆಯ ತೀರ್ಮಾನವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ.